ವರ್ಣ ಎರಡನೇ ಕಾಲಕ್ಕೆ ಹೋದರೆ ಹೆಗಲು ಬಿಗಿಯುತ್ತದೆಯೇ? ಬಿಡಿಸಿಕೊಳ್ಳುವುದು ಹೀಗೆ

ಕರ್ನಾಟಕ ಸಂಗೀತದಲ್ಲಿ ವರ್ಣ ಅನ್ನುವ ಅಭ್ಯಾಸದ ರಚನೆಯನ್ನು ಮೊದಲು ನಿಧಾನಕ್ಕೆ (ಮೊದಲನೇ ಕಾಲ), ಆಮೇಲೆ ಅದರ ಎರಡರಷ್ಟು ವೇಗದಲ್ಲಿ (ಎರಡನೇ ಕಾಲ) ನುಡಿಸುತ್ತೇವೆ. ಮೊದಲನೇ ಕಾಲದಲ್ಲಿ ಎಲ್ಲ ಚೆನ್ನಾಗಿರುತ್ತದೆ. ಎರಡನೇ ಕಾಲ ಶುರುವಾಗುವ ಸ್ವಲ್ಪ ಮೊದಲೇ ಉಸಿರು ನಿಲ್ಲುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ಹೆಗಲು ಕಿವಿಯ ಹತ್ತಿರ ಏರುತ್ತದೆ. ವರ್ಣದೊಳಗಿನ ಸ್ವರಗಳ ಭಾಗವಾದ ಚಿಟ್ಟೆಸ್ವರ ಮುಗಿಯುವ ಹೊತ್ತಿಗೆ ಬೆರಳು ಮಾತೇ ಕೇಳುವುದಿಲ್ಲ. ಆಮೇಲೆ ನಾವು ಏನು ಅಂದುಕೊಳ್ಳುತ್ತೇವೆ? ಸಾಧಕ (ದಿನದ ಅಭ್ಯಾಸ) ಸಾಲದು, ಇನ್ನೂ ಜಾಸ್ತಿ ಮಾಡಬೇಕು ಅಂತ. ಆದರೆ ಅದೇ ಬಿಗಿತದಲ್ಲಿ ಇನ್ನೂ ಐವತ್ತು ಸಲ ನುಡಿಸಿದರೆ ವರ್ಣದ ಜೊತೆಗೆ ಬಿಗಿತವೂ ಕೈಗೆ ಕೂರುತ್ತದೆ. ಕೈಗೆ ಅದು ಬೇರೆ ಇದು ಬೇರೆ ಅಂತ ಗೊತ್ತಾಗುವುದಿಲ್ಲ.

ನಾನು ಮೈಸೂರಿನಲ್ಲಿ ಪಿಟೀಲು ಕಲಿಸುತ್ತೇನೆ. ಪಾಠಕ್ಕೆ ಬರುವವರಲ್ಲಿ ಹೆಚ್ಚಿನವರು ಎರಡು ದೂರು ಹೇಳುತ್ತಾರೆ. ಒಂದು, ಕೈ ನೋವು. ಇನ್ನೊಂದು, ಗಮನ ನಿಲ್ಲುವುದಿಲ್ಲ. ಇವೆರಡೂ ಒಂದೇ ತೊಂದರೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಕಿವಿ ಈಗ ನುಡಿಸುತ್ತಿರುವ ಸ್ವರವನ್ನು ಬಿಟ್ಟು ಮುಂದೆ ಬರುವ ಕಷ್ಟದ ಜಾಗಕ್ಕೆ ಓಡಿಹೋಗುತ್ತದೆ, ಮೈ ಆ ಕಷ್ಟಕ್ಕೆ ಈಗಿನಿಂದಲೇ ಸಿದ್ಧವಾಗಿ ಬಿಗಿದು ಕೂರುತ್ತದೆ. ಹಾಗಾಗಿ ಮೈಯನ್ನು ಸಡಿಲ ಮಾಡುವ ಕೆಲಸ, ಕಿವಿಯನ್ನು ಕರೆದು ಕೂರಿಸುವ ಕೆಲಸ ಎರಡೂ ಒಟ್ಟಿಗೇ ನಡೆಯಬೇಕು. ಕೆಳಗೆ ಹೇಳಿರುವುದೆಲ್ಲ ಅದಕ್ಕಾಗಿಯೇ.

ಎಲ್ಲಿ ಬಿಗಿ ಅಂತ ಮೊದಲು ಹುಡುಕಿ

"ಸಡಿಲ ಬಿಡು" ಅಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಯಾವುದನ್ನು ಬಿಡಬೇಕು ಅಂತ ಗೊತ್ತಿರಬೇಕಲ್ವಾ? ಬಿಗಿತದ ತೊಂದರೆ ಏನೆಂದರೆ, ಅಭ್ಯಾಸವಾದ ಮೇಲೆ ಅದು ತಿಳಿಯುವುದೇ ಇಲ್ಲ. ದೇವರಾಜ ಮಾರ್ಕೆಟ್ಟಿನಿಂದ ತರಕಾರಿ ತುಂಬಿದ ಚೀಲ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ನಡೆದರೆ, ಚೀಲ ಕೆಳಗಿಟ್ಟ ಮೇಲೂ ಬೆರಳು ಸ್ವಲ್ಪ ಹೊತ್ತು ಮಡಚಿಕೊಂಡೇ ಇರುತ್ತದೆ, ಹಾಗೆ.

ಫೋನನ್ನು ಪಕ್ಕದಲ್ಲಿ, ಕೂತಾಗ ನಿಮ್ಮ ಭುಜ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟು ಎತ್ತರದಲ್ಲಿ ಇಡಿ. ಎದುರಿನಿಂದ ಬೇಡ, ಪಕ್ಕದಿಂದಲೇ ತೆಗೆಯಿರಿ. ಚೆನ್ನಾಗಿ ಬರುವ ಒಂದು ಅಲಂಕಾರ (ಸ್ವರಗಳ ಅಭ್ಯಾಸಪಾಠ), ಆಮೇಲೆ ಕಷ್ಟ ಅನ್ನಿಸುವ ಒಂದು ಸಂಗತಿ (ಒಂದೇ ಸಾಲನ್ನು ಬದಲಿಸಿ ಹಾಡುವ ಬಗೆ), ಎರಡನ್ನೂ ನುಡಿಸಿ ಅಥವಾ ಹಾಡಿ. ನೋಡುವಾಗ ಶಬ್ದ ಆಫ್ ಮಾಡಿ. ಶಬ್ದ ಇದ್ದರೆ ಅಪಸ್ವರದ ಕಡೆಗೇ ಮನಸ್ಸು ಹೋಗುತ್ತದೆ, ಮೈ ಕಾಣುವುದಿಲ್ಲ. ಕಷ್ಟದ ಜಾಗ ಬರುವ ಮೊದಲು ಏನಾಯಿತು ಅಂತ ಮಾತ್ರ ನೋಡಿ. ತಲೆ ಹಿಂದಕ್ಕೆ ಹೋಯಿತಾ, ಗದ್ದ ಮುಂದೆ ಬಂತಾ, ಒಂದು ಹೆಗಲು ಏರಿತಾ, ಕಾಲಿನ ಹೆಬ್ಬೆರಳು ಸೆಟೆದುಕೊಂಡಿತಾ? ಕಾಲ್ಬೆರಳನ್ನು ಯಾರೂ ನೋಡುವುದಿಲ್ಲ, ಆದರೆ ಬಹಳ ಜನರ ಬಿಗಿತ ಅಲ್ಲಿಯೇ ಸಿಗುತ್ತದೆ.

ಈ ದಾರಿ ಹೊಸದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯಾದ ಎಫ್. ಎಂ. ಅಲೆಕ್ಸಾಂಡರ್ ಅನ್ನುವವರು ವೇದಿಕೆಯ ಮೇಲೆ ಕಾವ್ಯ ವಾಚನ ಮಾಡುತ್ತಿದ್ದರು. ವೇದಿಕೆ ಹತ್ತಿದರೆ ಗಂಟಲು ಕಟ್ಟುತ್ತಿತ್ತು, ವಿಶ್ರಾಂತಿ ತೆಗೆದುಕೊಂಡರೆ ಸರಿಹೋಗುತ್ತಿತ್ತು, ಮತ್ತೆ ವೇದಿಕೆ ಹತ್ತಿದರೆ ಅದೇ ಕಥೆ. ಕೊನೆಗೆ ಕನ್ನಡಿಗಳ ಮುಂದೆ ನಿಂತು ತಮ್ಮನ್ನೇ ನೋಡಿಕೊಂಡರು. ವಾಚನ ಶುರುಮಾಡುವಾಗ ತಲೆಯನ್ನು ಹಿಂದಕ್ಕೂ ಕೆಳಕ್ಕೂ ಎಳೆದುಕೊಳ್ಳುತ್ತಿದ್ದೇನೆ ಅಂತ ಆಗ ಕಂಡಿತು. ಅವರು ಅಲ್ಲಿಂದ ಕಟ್ಟಿದ ಪದ್ಧತಿಯನ್ನು ಇವತ್ತಿಗೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಂಥ ಕಡೆ ಸಂಗೀತ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ನಮಗೆ ಅದರಿಂದ ಬೇಕಾದದ್ದು ಒಂದೇ ಮಾತು. ಬಿಗಿತ ಶುರುವಾಗುವುದು ನುಡಿಸುವಾಗ ಅಲ್ಲ, ನುಡಿಸಬೇಕು ಅಂತ ಮನಸ್ಸು ಹೊರಟಾಗ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ನುಡಿಸುತ್ತಿರುವಾಗಲೇ ಕತ್ತನ್ನು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ತಿರುಗಿಸಿ. ಮನೆಯವರು ಏನಾದರೂ ಕೇಳಿದರೆ ಉತ್ತರ ಹೇಳಿ. ಆಗುವುದಿಲ್ಲ ಅಂದರೆ ಕತ್ತು, ದವಡೆ, ಉಸಿರು ಮೂರರಲ್ಲಿ ಒಂದು ಬೀಗ ಹಾಕಿಕೊಂಡಿದೆ ಅಂತ ಲೆಕ್ಕ.

ಕೂರುವುದು ಸರಿಯಿಲ್ಲದಿದ್ದರೆ ಮಿಕ್ಕಿದ್ದೆಲ್ಲ ದಂಡ

ನಾವು ನೆಲದ ಮೇಲೆ ಕೂತು ಹಾಡುವವರು, ನುಡಿಸುವವರು. ಎರಡು ಎರಡೂವರೆ ಗಂಟೆ ಕಛೇರಿ ಅಂದರೆ ಅಷ್ಟೂ ಹೊತ್ತು ಚಕ್ಕಂಬಕ್ಕಲ. ಇವತ್ತಿನ ಮಕ್ಕಳು ಶಾಲೆಯಲ್ಲಿ ಬೆಂಚು, ಮನೆಯಲ್ಲಿ ಸೋಫಾ, ಊಟಕ್ಕೆ ಟೇಬಲ್ ಅಂತ ಬೆಳೆದವರು, ಅವರ ಸೊಂಟದ ಕೀಲು ನೆಲಕ್ಕೆ ಒಗ್ಗಿಲ್ಲ. ಕೂತಾಗ ಮಂಡಿ ಮೇಲಕ್ಕೆ, ಸೊಂಟ ಕೆಳಕ್ಕೆ ಹೋಗುತ್ತದೆ. ಆಗ ಕೆಳಬೆನ್ನು ಗೂನಾಗುತ್ತದೆ, ಗೂನಾದ ಬೆನ್ನಿನ ಮೇಲೆ ತಲೆ ಮುಂದಕ್ಕೆ ಜೋತುಬೀಳುತ್ತದೆ, ಆ ತಲೆಯನ್ನು ಹಿಡಿದು ನಿಲ್ಲಿಸಲು ಕತ್ತು ಮತ್ತು ಹೆಗಲು ದುಡಿಯಬೇಕಾಗುತ್ತದೆ. ಅಂದರೆ ಹೆಗಲ ನೋವಿಗೆ ಕಾರಣ ಹೆಗಲಲ್ಲಿ ಇಲ್ಲದೆಯೂ ಇರಬಹುದು, ಕೂತ ಜಾಗದಲ್ಲಿ ಇರಬಹುದು.

ಪರಿಹಾರ ಬಹಳ ಸುಲಭ. ಕಂಬಳಿಯನ್ನು ಗಟ್ಟಿಯಾಗಿ ಮಡಚಿ, ಎರಡು ಮೂರು ಇಂಚು ದಪ್ಪ ಬರಲಿ. ಅದರ ಮುಂದಿನ ಅಂಚಿನ ಮೇಲೆ ಕೂರಿ, ಕಾಲು ನೆಲದ ಮೇಲಿರಲಿ. ಸೊಂಟ ಮಂಡಿಗಿಂತ ಮೇಲಿದ್ದರೆ ಬೆನ್ನು ತಾನಾಗಿಯೇ ಏಳುತ್ತದೆ. ಮೆತ್ತನೆ ದಿಂಬು ಬೇಡ, ಅದು ಕುಸಿಯುತ್ತದೆ. ವೇದಿಕೆಯ ಮೇಲೆ ಕೂಡ ಇದನ್ನು ಜಮಖಾನದ ಕೆಳಗೆ ಹಾಕಿಸಿಕೊಳ್ಳಬಹುದು, ಯಾರಿಗೂ ಕಾಣುವುದಿಲ್ಲ, ಕೇಳಲು ಸಂಕೋಚ ಪಡಬೇಡಿ. "ಬೆನ್ನು ನೆಟ್ಟಗೆ ಮಾಡು" ಅಂತ ಮಕ್ಕಳಿಗೆ ಗದರಿಸುವವರಿಗೆ ಒಂದು ಮಾತು: ಹಾಗೆ ಹೇಳಿದಾಗ ಅವರು ಎದೆ ಉಬ್ಬಿಸಿ ಬೆನ್ನಿನ ಕೆಳಭಾಗವನ್ನು ಒಳಕ್ಕೆ ತಳ್ಳುತ್ತಾರೆ. ಅದೂ ಬಿಗಿತವೇ.

ಪದ್ಮಾಸನ ಕಡ್ಡಾಯ ಅಲ್ಲ. ಪಂಚೆಯ ಗಂಟು, ಬೆಲ್ಟು, ಸೀರೆಯ ಒಳಲಂಗದ ಲಾಡಿ ತೀರಾ ಬಿಗಿಯಾಗಿದ್ದರೆ ಹೊಟ್ಟೆ ಅರಳುವುದಿಲ್ಲ, ಉಸಿರು ಎದೆಯ ಮೇಲ್ಭಾಗಕ್ಕೆ ಏರುತ್ತದೆ, ಜೊತೆಗೆ ಹೆಗಲೂ ಏರುತ್ತದೆ. ಕಾಲು ಜೋಮು ಹಿಡಿದರೆ ಸಹಿಸಿಕೊಂಡು ಕೂರಬೇಡಿ, ನರ ಒತ್ತುತ್ತಿದೆ ಅಂತ ಅರ್ಥ. ಎರಡು ಕೃತಿಗಳ ನಡುವೆ ಕಾಲು ಬದಲಿಸಿ. ರಸಿಕರು ಅದನ್ನು ತಪ್ಪು ತಿಳಿಯುವುದಿಲ್ಲ.

ನಿಮ್ಮ ವಾದ್ಯದ ಹತ್ತಿರ ಬನ್ನಿ

ಪಿಟೀಲಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಪಾಶ್ಚಾತ್ಯರು ಗದ್ದ ಮತ್ತು ಭುಜದ ನಡುವೆ ಹಿಡಿಯುತ್ತಾರೆ. ನಾವು ಪಿಟೀಲಿನ ತಲೆಯ ಸುರುಳಿಯನ್ನು ಬಲಗಾಲಿನ ಹರಡಿನ (ಪಾದದ ಗಂಟಿನ) ಮೇಲಿಟ್ಟು ಇನ್ನೊಂದು ತುದಿಯನ್ನು ಎದೆಗೆ, ಭುಜಕ್ಕೆ ಆನಿಸುತ್ತೇವೆ. ಇದರ ಲಾಭ ದೊಡ್ಡದು. ಎಡಗೈಗೆ ವಾದ್ಯ ಹೊರುವ ಕೆಲಸವೇ ಇರುವುದಿಲ್ಲ, ಜಾರು ಗಮಕಕ್ಕೆ (ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುವುದಕ್ಕೆ) ಪೂರ್ತಿ ಬಿಡುವು. ಆದರೆ ಸುರುಳಿ ಕಾಲಿನಿಂದ ಜಾರತೊಡಗಿದರೆ ಎಡಗೈ ಸದ್ದಿಲ್ಲದೆ ವಾದ್ಯ ಹಿಡಿಯುವ ಕೆಲಸಕ್ಕೆ ನಿಲ್ಲುತ್ತದೆ. ಹೆಬ್ಬೆರಳು ಒತ್ತುವುದು ಅಲ್ಲಿಂದ ಶುರು. ಎಡಗೈಯನ್ನು ಪೂರ್ತಿ ತೆಗೆದುನೋಡಿ, ಪಿಟೀಲು ಅಲುಗದೆ ನಿಲ್ಲಬೇಕು. ನಿಲ್ಲದಿದ್ದರೆ ಹರಡಿನ ಹತ್ತಿರ ಒಂದು ಹತ್ತಿ ಬಟ್ಟೆಯ ತುಂಡನ್ನೋ ತೆಳುವಾದ ರಬ್ಬರ್ ಹಾಳೆಯನ್ನೋ ಇಟ್ಟುಕೊಳ್ಳಿ. ಆಮೇಲೆ ಆರಂಭದ ಪಾಠವಾದ ಸರಳೆ ವರಸೆಯನ್ನು ಮೊದಲನೇ ಕಾಲದಲ್ಲಿ ನುಡಿಸುತ್ತಾ ಪ್ರತಿ ಸ್ವರಕ್ಕೂ ಹೆಬ್ಬೆರಳಿನಿಂದ ದಂಡಿಯನ್ನು (ಪಿಟೀಲಿನ ಕತ್ತನ್ನು) ಮೆಲ್ಲಗೆ ತಟ್ಟಿ. ತಟ್ಟುವ ಹೆಬ್ಬೆರಳು ಒತ್ತಲಾರದು.

ಬಲಗೈಯದು ಬೇರೆ ಕಥೆ. ಧ್ವನಿ ಸಾಲದು ಅನ್ನಿಸಿದಾಗ ನಾವು ತೋರುಬೆರಳಿನಿಂದ ಕಮಾನನ್ನು ಒತ್ತುತ್ತೇವೆ. ಒತ್ತಿದರೆ ಧ್ವನಿ ದೊಡ್ಡದಾಗುವುದಿಲ್ಲ, ಒರಟಾಗುತ್ತದೆ. ನಮ್ಮ ತಿರುಮಕೂಡಲು ನರಸೀಪುರದ ಪಿಟೀಲು ಚೌಡಯ್ಯನವರನ್ನು (1895–1967) ನೆನೆಯಿರಿ. ಮೈಕು ಎಲ್ಲ ಕಡೆ ಬಾರದಿದ್ದ ಕಾಲ. ಹಿಂದಿನ ಸಾಲಿನವರಿಗೂ ಕೇಳಬೇಕು ಅಂತ ಅವರು ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ವಾದ್ಯ ಮಾಡಿಕೊಂಡರು. ಧ್ವನಿಯ ಸಮಸ್ಯೆಗೆ ಉತ್ತರವನ್ನು ವಾದ್ಯದಲ್ಲಿ ಹುಡುಕಿದರು. ಈಗ ಮೈಕ್ ಇದೆ, ಮೈಕಿನವರಿಗೆ ಹೇಳಿ, ತೋಳಿಗೆ ಆ ಕೆಲಸ ಕೊಡಬೇಡಿ. ಮನೆಯಲ್ಲಿ ಬರೀ ಷಡ್ಜದ (ಸ) ಮೇಲೆ ಇಡೀ ಕಮಾನನ್ನು ಎಳೆಯಿರಿ, ಮೊಣಕೈ ತೂಕ ಇಳಿದು ತಂತಿಗೆ ಸೇರುವುದನ್ನು ಗಮನಿಸುತ್ತಾ.

ವೀಣೆಯವರಿಗೆ ಎಡಗೈಯದೇ ಚಿಂತೆ. ಇಪ್ಪತ್ತನಾಲ್ಕು ಮೆಟ್ಟಿಲುಗಳ (ತಂತಿಯ ಕೆಳಗಿನ ಅಡ್ಡಪಟ್ಟಿಗಳ) ಉದ್ದಕ್ಕೂ ತೋಳು ಓಡಾಡಬೇಕು, ಮೇಲಾಗಿ ತಂತಿಯನ್ನು ಎಳೆದು ಗಮಕ ಹಿಡಿಯಬೇಕು. ವೀಣೆಯ ಬುರುಡೆ ಎಡತೊಡೆಯ ಮೇಲೆ ನೆಮ್ಮದಿಯಾಗಿ ಕೂತಿದೆಯೇ ನೋಡಿ. ಇಲ್ಲದಿದ್ದರೆ ಮಣಿಕಟ್ಟು ದಂಡಿಯನ್ನು ಹೊರುತ್ತದೆ. ತಂತಿ ಎಳೆಯುವಾಗ ಬೆರಳ ತುದಿಯಿಂದ ಮಾತ್ರ ಎಳೆಯಬೇಡಿ, ಮುಂದೋಳು ಪೂರ್ತಿ ಜೊತೆಗೆ ಬರಲಿ, ಗಮಕ ಮುಗಿದ ಮರುಕ್ಷಣ ಬಿಟ್ಟುಬಿಡಿ. ಎಳೆಯುವುದನ್ನು ಎಲ್ಲರೂ ಕಲಿಸುತ್ತಾರೆ, ಬಿಡುವುದನ್ನು ಯಾರೂ ಕಲಿಸುವುದಿಲ್ಲ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಮರೆಯಬೇಡಿ. ವೀಣೆ ಶೇಷಣ್ಣನವರ ಊರಿನಲ್ಲಿ ಇದ್ದೇವೆ, ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಣಗಳು ಸುಲಭವಾಗಿ ಸಿಗುತ್ತವೆ. ಒಂದು ಮೀಟಿನ ನಾದ ಕರಗುವವರೆಗೆ ಅವರು ಎಷ್ಟು ಸಮಾಧಾನವಾಗಿ ಕಾಯುತ್ತಾರೆ ಅಂತ ಕೇಳಿ. ಅದು ನಿಮ್ಮ ಕೈಗೂ ಪಾಠವೇ.

ಹಾಡುವವರಲ್ಲಿ ಬಿಗಿತ ಗಂಟಲಲ್ಲಿ ಕಾಣಿಸುತ್ತದೆ, ಹುಟ್ಟುವುದು ದವಡೆ ಮತ್ತು ನಾಲಿಗೆಯ ಬುಡದಲ್ಲಿ. ತಾರಷಡ್ಜ (ಮೇಲಿನ ಸ) ಬಂದಾಗ ಗದ್ದ ಮೇಲೆ ಹೋಗುತ್ತದೆ, ಸ್ವರ ಎತ್ತರದಲ್ಲಿದೆ ಅಂತ ತಲೆಯೂ ಎತ್ತರ ನೋಡುತ್ತದೆ. ಗದ್ದ ಸಮವಾಗಿರಲಿ. ಅಕಾರ ಹಾಡುವಾಗ ನಾಲಿಗೆಯ ತುದಿ ಕೆಳಗಿನ ಹಲ್ಲಿನ ಹಿಂದೆ ಸುಮ್ನೆ ಮಲಗಿರಲಿ. ಬೆಳಿಗ್ಗೆ ಮಂದ್ರಸ್ಥಾಯಿ (ಕೆಳಗಿನ ಸ್ವರಗಳ) ಸಾಧಕಕ್ಕೆ ಮೊದಲು ಬಾಯಿ ಮುಚ್ಚಿ ಮೆಲ್ಲಗೆ ಗುನುಗಿ, ಒಂದೆರಡು ಸಲ ಚೆನ್ನಾಗಿ ಆಕಳಿಸಿ. ತಾಳ ಹಾಕುವ ಕೈಯನ್ನೂ ನೋಡಿ. ತೊಡೆಗೆ ಏಟು ಹೊಡೆದಂತೆ ತಾಳ ಹಾಕುವವರ ಹೆಗಲು ಪ್ರತಿ ಏಟಿಗೂ ಕುಲುಕುತ್ತದೆ, ಅದು ನೇರವಾಗಿ ಧ್ವನಿಗೆ ಬರುತ್ತದೆ. ಕೈ ತನ್ನ ತೂಕಕ್ಕೆ ಬೀಳಲಿ, ಸಾಕು.

ಕೊಳಲಿನವರು ತಲೆಯನ್ನು ಕೊಳಲಿನತ್ತ ಬಾಗಿಸುವ ಬದಲು ಕೊಳಲನ್ನು ತುಟಿಯ ಹತ್ತಿರ ತರಲಿ. ಮೃದಂಗದವರು ಎಡಭುಜವನ್ನು ಆಗಾಗ ವಿಚಾರಿಸಿಕೊಳ್ಳಲಿ.

ಕಷ್ಟದ ಜಾಗದ ಮುಂದೆ ನಿಲ್ಲುವುದು

ನನ್ನ ಪ್ರಕಾರ ಎಲ್ಲಕ್ಕಿಂತ ಕೆಲಸಕ್ಕೆ ಬರುವ ಅಭ್ಯಾಸ ಇದು. ಮೋಹನ ರಾಗದ ಆದಿತಾಳ ವರ್ಣ ಅಂತ ಇಟ್ಟುಕೊಳ್ಳಿ. ನಿಮ್ಮ ಹೆಗಲು ಏರುವ ಜಾಗ ವಿಡಿಯೋದಲ್ಲಿ ಸಿಕ್ಕಿದೆ. ಅದಕ್ಕೆ ಸರಿಯಾಗಿ ಒಂದು ಸ್ವರ ಮೊದಲು ನಿಲ್ಲಿಸಿ. ತಾಳ ನಿಲ್ಲಿಸಬೇಡಿ, ಪಾದದಲ್ಲೋ ಮನಸ್ಸಿನಲ್ಲೋ ನಡೆಯುತ್ತಿರಲಿ. ಒಂದು ಪೂರ್ತಿ ಆವರ್ತನ (ತಾಳದ ಒಂದು ಸುತ್ತು) ಏನೂ ನುಡಿಸದೆ ಶ್ರುತಿ (ತಂಬೂರಿಯ ಆಧಾರನಾದ) ಕೇಳಿ, ಉಸಿರು ಹೊರಗೆ ಬಿಡಿ. ಮುಂದಿನ ಸ್ವರ ನುಡಿಸಲು ಕೈ ತುಡಿಯುವುದು, ಹೆಗಲು ಏಳಲು ಹೊರಡುವುದು ಆಗ ಗೊತ್ತಾಗುತ್ತದೆ. ಗೊತ್ತಾದಾಗ ಏನೂ ಮಾಡಬೇಡಿ. ಅದು ತಾನೇ ಇಳಿದ ಮೇಲೆ ಮುಂದಿನ ನಾಲ್ಕು ಸ್ವರ ಮಾತ್ರ ನುಡಿಸಿ, ಮತ್ತೆ ನಿಲ್ಲಿ. ವೇಗ ಏರಿಸುವ ಮಾತೇ ಬೇಡ. ಬಿಗಿತ ಇಲ್ಲದೆ ಬಂದ ವೇಗದಲ್ಲಿ ನಾಲ್ಕಾರು ದಿನ ಇರಿ, ಆಮೇಲೆ ಒಂಚೂರು ಏರಿಸಿ, ಬಿಗಿತ ಬಂದರೆ ಹಿಂದಕ್ಕೆ ಬನ್ನಿ.

ಬೇಜಾರಾಗುತ್ತದೆ, ಒಪ್ಪುತ್ತೇನೆ. ಆದರೆ ಹೀಗೆ ಕಲಿತ ಸಂಗತಿ ಕಛೇರಿಯಲ್ಲಿ ಕೈಕೊಡುವುದು ಬಹಳ ಅಪರೂಪ.

ಜಗನ್ಮೋಹನ ಅರಮನೆಯ ಇನ್ನೊಂದು ಪಾಠ

ಸಂಗೀತದವರಿಗೆ ಜಗನ್ಮೋಹನ ಅರಮನೆ ಅಂದರೆ ಕಛೇರಿಗಳ ನೆನಪು. ಅದೇ ಅರಮನೆಯ ಆವರಣದಲ್ಲಿ 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಅಲ್ಲಿ ಕಲಿತವರಲ್ಲಿ ಅವರ ಹೆಂಡತಿಯ ತಮ್ಮ, ಕೋಲಾರದ ಕಡೆಯ ಬೆಳ್ಳೂರಿನ ಹುಡುಗ ಬಿ. ಕೆ. ಎಸ್. ಅಯ್ಯಂಗಾರ್ ಒಬ್ಬರು. 1952ರಲ್ಲಿ ಜಗತ್ಪ್ರಸಿದ್ಧ ಪಿಟೀಲು ವಾದಕ ಯೆಹೂದಿ ಮೆನುಹಿನ್ ಭಾರತಕ್ಕೆ ಬಂದಾಗ ಮುಂಬೈಯಲ್ಲಿ ಇವರನ್ನು ಕಂಡರು. ಮೆನುಹಿನ್ ಆಗ ದಣಿದಿದ್ದರು, ಮೈ ಬಿಗಿತ ಅವರ ವಾದನಕ್ಕೇ ಅಡ್ಡ ಬರುತ್ತಿತ್ತು. ಅಯ್ಯಂಗಾರ್ಯರ ಹತ್ತಿರ ಕಲಿಯಲು ಶುರುಮಾಡಿದರು, ಮುಂದೆ ಅವರನ್ನು ಯುರೋಪಿಗೂ ಕರೆಸಿಕೊಂಡರು. ಅವರಿಗೆ ಕೊಟ್ಟ ಕೈಗಡಿಯಾರದ ಹಿಂದೆ "ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ" ಅನ್ನುವ ಅರ್ಥದ ಮಾತು ಕೆತ್ತಿಸಿದ್ದರು. ಪಿಟೀಲು ಹಿಡಿಯದ ಗುರುವಿಗೆ!

ಇದನ್ನು ಹೇಳಿದ್ದು ನೀವೆಲ್ಲ ಶೀರ್ಷಾಸನ ಹಾಕಲಿ ಅಂತ ಅಲ್ಲ. ಯೋಗ ಕಲಿಯುವುದಾದರೆ ಮೈಸೂರಿನಲ್ಲಿ ಗುರುಗಳಿಗೆ ಬರವಿಲ್ಲ. ಆದರೆ ಸಾಧಕಕ್ಕೆ ಮೊದಲು ಹತ್ತು ನಿಮಿಷ ಚಾಪೆಯ ಮೇಲೆ ಮಲಗುವುದನ್ನು ಇವತ್ತೇ ಶುರುಮಾಡಬಹುದು. ಅಂಗಾತ ಮಲಗಿ, ಮಂಡಿ ಮಡಚಿ ಪಾದ ನೆಲಕ್ಕೆ ಊರಿ, ತಲೆಯ ಕೆಳಗೆ ಒಂದು ಪುಸ್ತಕ, ಕೈ ಹೊಟ್ಟೆಯ ಮೇಲೆ. ನಿದ್ದೆ ಮಾಡಬೇಡಿ. ತಂಬೂರಿ ಹಾಕಿಕೊಂಡು ಕೇಳುತ್ತಾ, ತಲೆ, ಹೆಗಲು, ಸೊಂಟ ಒಂದೊಂದರ ತೂಕವೂ ನೆಲಕ್ಕೆ ಇಳಿಯುವುದನ್ನು ಗಮನಿಸಿ. ಮಂಡ್ಯದಿಂದ ಪಾಠಕ್ಕೆ ಬರುವ ಮಕ್ಕಳು ಬಸ್ಸಿನ ನೂಕುನುಗ್ಗಲಿನಲ್ಲಿ ಪಿಟೀಲಿನ ಪೆಟ್ಟಿಗೆ ತಬ್ಬಿಕೊಂಡು ನಿಂತೇ ಬಂದಿರುತ್ತಾರೆ. ಅವರಿಗೆ ಬಂದ ತಕ್ಷಣ ಪಾಠ ಹೇಳುವುದಕ್ಕಿಂತ ಮೊದಲು ಮಲಗಿಸುವುದೇ ಒಳ್ಳೆಯದು. ಉಳಿದ ಹೊತ್ತಿನ ಪಾಠ ನಿಜವಾಗಿ ಹತ್ತುತ್ತದೆ.

ಗಮನ: ಓಡಿಸಬೇಡಿ, ಕೆಲಸ ಕೊಡಿ

"ಏಕಾಗ್ರತೆ ಇರಲಿ" ಅಂತ ಹೇಳಿದರೆ ಹುಬ್ಬು ಗಂಟಾಗುತ್ತದೆ, ಇನ್ನೇನೂ ಆಗುವುದಿಲ್ಲ. ಗಮನಕ್ಕೆ ಒಂದು ಕೆಲಸ ಬೇಕು. ನಮ್ಮ ಸಂಗೀತದಲ್ಲಿ ಆ ಕೆಲಸ ಸಿದ್ಧವಾಗಿಯೇ ಇದೆ, ಶ್ರುತಿ. ನುಡಿಸಲು ಶುರುಮಾಡುವ ಮೊದಲು ಮೂರು ಉಸಿರಿನಷ್ಟು ಹೊತ್ತು ತಂಬೂರಿಯನ್ನು ಮಾತ್ರ ಕೇಳಿ. ಪಂಚಮ, ಸಾರಣೆ, ಮಂದ್ರ ಅನ್ನುವ ಅದರ ತಂತಿಗಳ ನಾದ ಒಂದೊಂದನ್ನೂ ಬಿಡಿಸಿ ಕೇಳಿ. ಆಮೇಲೆ ನಿಮ್ಮ ಷಡ್ಜವನ್ನು ಅದರೊಳಗೆ ಇಳಿಸಿ, ಎಲ್ಲಿ ಸೇರಿತು ಅಂತ ಕೇಳಿ. ಮನಸ್ಸು ಅಡುಗೆಮನೆಯ ಕುಕ್ಕರಿನ ಕಡೆಗೋ ನಾಳೆಯ ಪರೀಕ್ಷೆಯ ಕಡೆಗೋ ಹೋದರೆ ಬೈದುಕೊಳ್ಳಬೇಡಿ, ಮತ್ತೆ ಷಡ್ಜಕ್ಕೆ ಬನ್ನಿ. ಈ ಮರಳಿ ಬರುವುದೇ ಅಭ್ಯಾಸ.

ಶ್ರುತಿಯ ಆ್ಯಪ್ ಫೋನಿನಲ್ಲೇ ಇದ್ದರೆ ಫ್ಲೈಟ್ ಮೋಡ್ ಹಾಕಿ. ಒಂದೇ ಸಲಕ್ಕೆ ಎರಡು ಗಂಟೆ ಕೂರುವ ಬದಲು ಇಪ್ಪತ್ತೈದು ನಿಮಿಷ ಕೂತು, ಎದ್ದು ನಾಲ್ಕು ಹೆಜ್ಜೆ ಓಡಾಡಿ ಮತ್ತೆ ಕೂರಿ. ಕೂರುವ ಮೊದಲು ಈ ಸಲದ ಕೆಲಸ ಯಾವುದು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. "ಕಾಂಬೋಧಿ ರಾಗದ ಅಭ್ಯಾಸ" ಅಲ್ಲ, "ಕಾಂಬೋಧಿಯಲ್ಲಿ ಮೇಲಿನಿಂದ ಇಳಿಯುವಾಗ ನಿಷಾದ ಎಲ್ಲಿ ನಿಲ್ಲುತ್ತದೆ" ಅಂತ.

ಸದ್ದಿನ ನಡುವೆ ಗಮನ ನಿಲ್ಲಿಸುವುದೂ ಕಲಿಯಬೇಕಾದ್ದೇ. ಗಣೇಶೋತ್ಸವದಲ್ಲಿ ವಿ. ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ರಸ್ತೆಗೇ ಚಪ್ಪರ ಹಾಕಿ ಕಛೇರಿ ನಡೆಯುತ್ತದೆ, ದಸರೆಯಲ್ಲಿ ಅರಮನೆಯ ಮುಂದೆ ಬಯಲು ವೇದಿಕೆ. ಜನ ಓಡಾಡುತ್ತಾರೆ, ಮಕ್ಕಳು ಅಳುತ್ತಾರೆ. ಸದ್ದನ್ನು ತಡೆಯಲು ಹೋದರೆ ಮೈ ಬಿಗಿಯುತ್ತದೆ. ಅದರ ಬದಲು ಹತ್ತಿರದ ಒಂದು ಶಬ್ದ ಆರಿಸಿಕೊಳ್ಳಿ, ತಂಬೂರಿ ಅಥವಾ ಮೃದಂಗದ ಬಲಗಡೆಯ ನಾದ. ಬಯಲಿನಲ್ಲಿ ದೂರದ ಸ್ಪೀಕರಿನಿಂದ ನಿಮ್ಮದೇ ಧ್ವನಿ ತಡವಾಗಿ ವಾಪಸು ಬರುತ್ತದೆ. ಅದನ್ನು ಹಿಂಬಾಲಿಸಿದರೆ ಕಾಲಪ್ರಮಾಣ (ಲಯದ ವೇಗ) ಕುಸಿಯುತ್ತದೆ. ಅದಕ್ಕೇ ಮಾನಿಟರ್ (ನಮ್ಮ ಕಡೆಗೇ ತಿರುಗಿಸಿದ ಸ್ಪೀಕರ್) ಕೇಳಿ ಹಾಕಿಸಿಕೊಳ್ಳಿ, ತಂಬೂರಿ ಅದರಲ್ಲಿ ಚೆನ್ನಾಗಿ ಬರಲಿ.

ಕಛೇರಿಯ ದಿನ

ಊಟ ಎರಡು ಮೂರು ಗಂಟೆ ಮೊದಲೇ ಮುಗಿಯಲಿ, ಲಘುವಾಗಿರಲಿ. ಕಾಫಿ ದಿನಾ ಎಷ್ಟು ಕುಡಿಯುತ್ತೀರೋ ಅಷ್ಟೇ, ಕೈ ನಡುಗುವ ಸ್ವಭಾವ ಇದ್ದರೆ ಇನ್ನೂ ಕಡಿಮೆ. ಕೈ ತಣ್ಣಗಾಗುವವರು ಬಿಸಿನೀರಿನಲ್ಲಿ ಕೈ ಅದ್ದಿ ಒರೆಸಿಕೊಳ್ಳಿ. ವೇದಿಕೆಯ ಹಿಂದೆ ಕೂತು ಕಷ್ಟದ ಸಂಗತಿಯನ್ನು ಕೊನೆಯ ಸಲ ನೋಡಿಕೊಳ್ಳುವ ಆಸೆ ಬೇಡವೇ ಬೇಡ.

ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಅಡ್ರಿನಲಿನ್‌ನಿಂದ. ಅದು ಬರಬಾರದು ಅಂತ ಹಠ ಹಿಡಿದರೆ ಇನ್ನೂ ಜಾಸ್ತಿಯಾಗುತ್ತದೆ. ಉಸಿರನ್ನು ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ ತೆಗೆದುಕೊಂಡು ಎಂಟು ಎಣಿಸುವಷ್ಟು ಹೊತ್ತು ನಿಧಾನಕ್ಕೆ ಬಿಡಿ. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಮೊದಲ ಐಟಂ ಕೈ ನಡುಗಿದರೂ ನಡೆಯುವಂಥದ್ದಾಗಿರಲಿ, ಸಾವಿರ ಸಲ ನುಡಿಸಿದ ವರ್ಣ ಆದರೆ ಒಳ್ಳೆಯದು. ಉದ್ದದ ವಿಳಂಬ ಕಮಾನಿನಿಂದ ಶುರುಮಾಡಬೇಡಿ. ನಡುಕಕ್ಕೆ ಮಾತ್ರೆ ಇದೆ ಅಂತ ಯಾರೋ ಹೇಳಿದರು ಅಂತ ತೆಗೆದುಕೊಳ್ಳಬೇಡಿ. ಪ್ರೊಪ್ರನಲಾಲ್ ಹೃದಯಬಡಿತದ ಮಾತ್ರೆ, ಆಸ್ತಮಾ ಇರುವವರಿಗೆ ಅಪಾಯ, ವೈದ್ಯರು ಹೇಳದೆ ಮುಟ್ಟಬಾರದು.

ನೋವು ಬಂದರೆ

ದಣಿವು ಬೇರೆ, ನೋವು ಬೇರೆ. ದಣಿವು ಒಂದು ರಾತ್ರಿ ನಿದ್ದೆಗೆ ಹೋಗುತ್ತದೆ. ಕಿರುಬೆರಳು, ಉಂಗುರದ ಬೆರಳಿನಲ್ಲಿ ಜೋಮು, ಇಲ್ಲವೇ ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಜೋಮು, ರಾತ್ರಿ ಎಚ್ಚರಿಸುವ ಕೈನೋವು, ಒಂದು ವಾರ ಕಳೆದರೂ ಇಳಿಯದ ನೋವು, ಇವು ನರ ಅಥವಾ ಸ್ನಾಯುವಿನ ದೂರುಗಳು. ಮೂಳೆ ವೈದ್ಯರನ್ನೋ ನರರೋಗ ವೈದ್ಯರನ್ನೋ ನೋಡಿ. ಹೋಗುವಾಗ ನೀವು ನುಡಿಸುವ ವಿಡಿಯೋ ತೆಗೆದುಕೊಂಡು ಹೋಗಿ, ನಮ್ಮ ವಾದ್ಯ ಹಿಡಿಯುವ ರೀತಿ ಎಲ್ಲ ವೈದ್ಯರಿಗೂ ಗೊತ್ತಿರುವುದಿಲ್ಲ.

ನೋವೇ ಇಲ್ಲದೆ, ನುಡಿಸುವಾಗ ಮಾತ್ರ ಒಂದು ಬೆರಳು ತಾನಾಗಿ ಮಡಚಿಕೊಳ್ಳತೊಡಗಿದರೆ ಇನ್ನೂ ಎಚ್ಚರ ಬೇಕು. ಅದು ಡಿಸ್ಟೋನಿಯಾ ಅನ್ನುವ ನರದ ತೊಂದರೆ ಇರಬಹುದು. ಅಮೆರಿಕದ ದೊಡ್ಡ ಪಿಯಾನೋ ವಾದಕ ಲಿಯಾನ್ ಫ್ಲೈಶರ್ 1960ರ ದಶಕದಲ್ಲಿ ಹೀಗೇ ಬಲಗೈ ಕಳೆದುಕೊಂಡು, ದಶಕಗಳ ಕಾಲ ಎಡಗೈಗೆ ಬರೆದ ಕೃತಿಗಳನ್ನು ನುಡಿಸಿದರು. ಚಿಕಿತ್ಸೆಯಿಂದ ಎರಡೂ ಕೈಗೆ ಮರಳಿದ್ದು ಬಹಳ ವರ್ಷಗಳ ನಂತರ. ಇಂಥದ್ದಕ್ಕೆ ಜಾಸ್ತಿ ಸಾಧಕ ಮದ್ದಲ್ಲ.

ಗುರುಗಳಿಗೆ ನೋವಿನ ವಿಷಯ ಹೇಳಲು ಹೆದರುವ ಮಕ್ಕಳು ಬಹಳ ಇದ್ದಾರೆ. "ನೋವು ತಿಂದರೇ ವಿದ್ಯೆ" ಅಂತ ಕೇಳಿ ಬೆಳೆದಿದ್ದಾರೆ. ಹಾಗಾಗಿ ಕಲಿಸುವವರೇ ವಾರಕ್ಕೊಮ್ಮೆ ಕೇಳಿ: ಎಲ್ಲಿ ನೋಯುತ್ತಿದೆ ಮರಿ? ಹತ್ತು ವರ್ಷದ ಮಗುವಿನ ಕೈಗೆ ದೊಡ್ಡವರ ಪಿಟೀಲು ಕೊಡಬೇಡಿ, ಮುಕ್ಕಾಲು ಅಳತೆಯದು, ಅರ್ಧ ಅಳತೆಯದು ಸಿಗುತ್ತದೆ. ಬೆಳೆಯುವ ಮಕ್ಕಳು ಅಂತ ಮುಂದಿನ ಅಳತೆಯ ವಾದ್ಯ ಈಗಲೇ ಕೊಂಡರೆ ಉಳಿಯುವುದು ಸ್ವಲ್ಪ ದುಡ್ಡು, ಸೇರಿಕೊಳ್ಳುವುದು ವರ್ಷಗಟ್ಟಲೆ ಬಿಡದ ಬಿಗಿತ.